‘ಮಕ್ಕಳಿಗಲ್ಲ’ ಎಂದು ಬಾಟಲಿಯೇ ಹೇಳುತ್ತಿದೆ: ಆರೋಗ್ಯ ಸಚಿವರಿಗೂ ಆಹಾರ ಸುರಕ್ಷತಾ ಆಯುಕ್ತರಿಗೂ ಒಂದು ಬಹಿರಂಗ ಪತ್ರ

ಮಾನ್ಯ ಆರೋಗ್ಯ ಮತ್ತು ಕುಟುಂಬ ಕಲ್ಯಾಣ ಸಚಿವರೇ, ಮಾನ್ಯ ಆಹಾರ ಸುರಕ್ಷತಾ ಆಯುಕ್ತರೇ,

ತಿಪಟೂರು ತಾಲ್ಲೂಕಿನ ಒಂದು ಪದವಿಪೂರ್ವ ಕಾಲೇಜಿನಲ್ಲಿ 19 ವರ್ಷಗಳಿಂದ ಜೀವಶಾಸ್ತ್ರ ಕಲಿಸುತ್ತಿರುವ ಉಪನ್ಯಾಸಕಿ ನಾನು. ಎನರ್ಜಿ ಡ್ರಿಂಕ್ ಎಂಬ ಹೆಸರಿನಲ್ಲಿ ನಮ್ಮ ಕಾಲೇಜಿನ ಗೇಟಿನ ಎದುರು, ಬಸ್ ನಿಲ್ದಾಣದಲ್ಲಿ, ಹಳ್ಳಿಯ ಚಿಲ್ಲರೆ ಅಂಗಡಿಯಲ್ಲಿ ಯಾವ ಅಡೆತಡೆಯೂ ಇಲ್ಲದೆ ಮಕ್ಕಳ ಕೈ ಸೇರುತ್ತಿರುವ ಪಾನೀಯದ ಬಗ್ಗೆ ತಮ್ಮಲ್ಲಿ ನಿವೇದಿಸಿಕೊಳ್ಳಲು ಈ ಪತ್ರ ಬರೆಯುತ್ತಿದ್ದೇನೆ. ಇದನ್ನು ಅರ್ಜಿಯಾಗಿ ಇಲಾಖೆಗೆ ಕಳುಹಿಸಬಹುದಿತ್ತು. ಆದರೆ ಹೇಳಬೇಕಾದ ಮಾತಿನಲ್ಲಿ ಅರ್ಧದಷ್ಟು ತಂದೆ ತಾಯಿಯರ ಕಿವಿಗೂ ಬೀಳಬೇಕಾದದ್ದು, ಆದ್ದರಿಂದ ಬಹಿರಂಗವಾಗಿಯೇ ಬರೆಯುತ್ತಿದ್ದೇನೆ.

ಕಳೆದ ಪ್ರಾಯೋಗಿಕ ಪರೀಕ್ಷೆಯ ದಿನ ದ್ವಿತೀಯ ಪಿಯುಸಿಯ ಒಬ್ಬ ಹುಡುಗನಿಗೆ ಈರುಳ್ಳಿ ಬೇರಿನ ತುದಿಯ ಸ್ಲೈಡ್ ತಯಾರಿಸುವ ಪ್ರಯೋಗ ಬಂದಿತ್ತು. ಬಣ್ಣ ಹಾಕಿ ಬಿಸಿ ಮಾಡಿದ ಬೇರಿನ ತುದಿಯ ಮೇಲೆ ತೆಳ್ಳನೆಯ ಕವರ್ ಸ್ಲಿಪ್ಪನ್ನು ಸೂಜಿಯ ಆಸರೆಯಲ್ಲಿ, ಗಾಳಿಗುಳ್ಳೆ ಸೇರದ ಹಾಗೆ, ಓರೆಯಾಗಿ ಮೆಲ್ಲಗೆ ಇಳಿಸಬೇಕು. ವರ್ಷವಿಡೀ ಅದನ್ನು ಎಲ್ಲರಿಗಿಂತ ಚೆನ್ನಾಗಿ ಮಾಡುತ್ತಿದ್ದವನು ಅವನು. ಅಂದು ಅವನ ಬೆರಳುಗಳ ನಡುವೆ ಆ ಗಾಜು ಸ್ಲೈಡಿಗೆ ತಾಗಿ ತಾಗಿ ಸಣ್ಣಗೆ ಸದ್ದು ಮಾಡುತ್ತಿತ್ತು. ಒಂದು ಒಡೆಯಿತು, ಇನ್ನೊಂದು ಕೊಟ್ಟೆ, ಅದೂ ಒಡೆಯಿತು. ಅವನನ್ನು ಸ್ಟೂಲಿನ ಮೇಲೆ ಕೂರಿಸಿ ನಾಡಿ ಹಿಡಿದು ಗಡಿಯಾರ ನೋಡಿದೆ: 15 ಸೆಕೆಂಡಿಗೆ 29, ಅಂದರೆ ನಿಮಿಷಕ್ಕೆ 116. ಮೈ ಬಿಸಿ ಇರಲಿಲ್ಲ, ಅಂಗೈ ಮಾತ್ರ ಬೆವರಿತ್ತು. ಬೆಳಿಗ್ಗೆ ಏನು ತಿಂದೆಯಪ್ಪಾ ಎಂದು ಕೇಳಿದೆ. “ಏನೂ ಇಲ್ಲ ಮೇಡಂ, ಬಸ್ಸಿಗೆ ಹೊತ್ತಾಯಿತು. ರಾತ್ರಿ ಓದೋಕೆ ಎರಡು ಕುಡಿದಿದ್ದೆ, ಬೆಳಿಗ್ಗೆ ಸ್ಟ್ಯಾಂಡಲ್ಲಿ ಇನ್ನೊಂದು,” ಎಂದ. ಎರಡು ಏನು ಎಂದು ನಾನು ಕೇಳಬೇಕಾಗಲಿಲ್ಲ. ಪಕ್ಕದ ಮೇಜಿನಲ್ಲಿದ್ದ ಮಕ್ಕಳಿಗೂ ಅದು ಗೊತ್ತಿತ್ತು.

ಅವನಿಗೆ ನೀರು ಕೊಟ್ಟು, ನನ್ನ ಡಬ್ಬಿಯಲ್ಲಿದ್ದ ಎರಡು ಇಡ್ಲಿ ತಿನ್ನಿಸಿ, ಹೊರಗಿನಿಂದ ಬಂದಿದ್ದ ಪರೀಕ್ಷಕರ ಒಪ್ಪಿಗೆ ಪಡೆದು ಅರ್ಧ ಗಂಟೆ ತಡವಾಗಿ ಪ್ರಯೋಗ ಮಾಡಿಸಿದೆವು. ಅಂದಿನಿಂದ ತರಗತಿಯಲ್ಲಿ ಮಕ್ಕಳನ್ನು ಕೇಳುತ್ತಾ ಬಂದಿದ್ದೇನೆ. ಮುಚ್ಚುಮರೆಯಿಲ್ಲದೆ ಹೇಳುತ್ತಾರೆ, ಏಕೆಂದರೆ ತಪ್ಪು ಮಾಡುತ್ತಿದ್ದೇವೆ ಎಂಬ ಭಾವನೆಯೇ ಅವರಿಗಿಲ್ಲ. ಬೀಡಿ ಸೇದಿದವನು ವಾಸನೆ ಮರೆಮಾಚುತ್ತಾನೆ. ಇದನ್ನು ಕುಡಿದವನು ಖಾಲಿ ಬಾಟಲಿಯಲ್ಲಿ ನೀರು ತುಂಬಿಕೊಂಡು ತಂದು ಬೆಂಚಿನ ಮೇಲೆ ಇಟ್ಟುಕೊಳ್ಳುತ್ತಾನೆ.

ನಮ್ಮ ಗೇಟಿನಿಂದ ಅಂಗಡಿಗೆ ಮೂವತ್ತು ಹೆಜ್ಜೆ. ಅಂಗಡಿಯಾತ ಒಳ್ಳೆಯ ಮನುಷ್ಯ, ನಮ್ಮ ಹಳೆಯ ವಿದ್ಯಾರ್ಥಿಯೊಬ್ಬಳ ತಂದೆ. ಮಕ್ಕಳಿಗೆ ಇದನ್ನು ಕೊಡಬೇಡಿ ಎಂದು ಕೇಳಿಕೊಂಡಾಗ ಅವರು ಗಾಜಿನ ಬಾಗಿಲಿನ ಫ್ರಿಜ್ ತೋರಿಸಿ, “ಫ್ರಿಜ್ಜೇ ಕಂಪನಿಯವರು ಕೊಟ್ಟಿದ್ದು ಮೇಡಂ, ಮುಂದಿನ ಸಾಲಿನಲ್ಲಿ ಇದನ್ನೇ ಜೋಡಿಸಬೇಕು ಅಂತ ಮಾತು. ನಾನು ಕೊಡದಿದ್ದರೆ ಪಕ್ಕದವನು ಕೊಡುತ್ತಾನೆ. ಸರ್ಕಾರ ಬೇಡ ಅಂದರೆ ಇಬ್ಬರೂ ನಿಲ್ಲಿಸ್ತೀವಿ,” ಎಂದರು. ಅವರ ಮಾತಿನಲ್ಲಿ ನನಗೆ ತಪ್ಪು ಕಾಣಲಿಲ್ಲ. ಈ ಪತ್ರ ತಮ್ಮ ವಿಳಾಸಕ್ಕೆ ಬಂದಿರುವುದು ಅದಕ್ಕೇ.

ಅಂದು ಅಲ್ಲೇ ಒಂದು ಬಾಟಲಿ ಕೊಂಡುತಂದು ಪ್ರಯೋಗಾಲಯದ ಭೂತಗನ್ನಡಿ ಹಿಡಿದು ಅದರ ಚೀಟಿ ಓದಿದೆ. ಅಧಿಕ ಕೆಫೀನ್ (ಕಾಫಿ, ಟೀಯಲ್ಲಿರುವ ಉತ್ತೇಜಕ ವಸ್ತು) ಇದೆ, ಮಕ್ಕಳಿಗೂ ಗರ್ಭಿಣಿಯರಿಗೂ ಹಾಲುಣಿಸುವ ತಾಯಂದಿರಿಗೂ ಕೆಫೀನ್ ಒಗ್ಗದವರಿಗೂ ಇದು ಸೂಕ್ತವಲ್ಲ, ದಿನಕ್ಕೆ 500 ಮಿಲಿಲೀಟರಿಗಿಂತ ಹೆಚ್ಚು ಕುಡಿಯಬಾರದು ಎಂದು ಅಲ್ಲಿ ಬರೆದಿದೆ. ಇದನ್ನು ಬರೆಯಲೇಬೇಕೆಂದು ಭಾರತೀಯ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಪ್ರಾಧಿಕಾರವೇ ನಿಯಮ ಮಾಡಿದೆ. ಅದೇ ನಿಯಮದಂತೆ ಇಂಥ ಪಾನೀಯದ ಒಂದು ಲೀಟರಿನಲ್ಲಿ 145ರಿಂದ 300 ಮಿಲಿಗ್ರಾಂವರೆಗೆ ಕೆಫೀನ್ ಇರಬಹುದು. ನಿಯಮದ ಭಾಷೆಯಲ್ಲಿ ಅದರ ಹೆಸರು ಕೆಫೀನ್‌ಯುಕ್ತ ಪಾನೀಯ ಎಂದಿದೆ, ಶಕ್ತಿ ಎಂಬ ಮಾತು ಅಲ್ಲಿಲ್ಲ. ಆದರೆ ಎಚ್ಚರಿಕೆಯ ಆ ಸಾಲುಗಳು ಎಳ್ಳಿನಷ್ಟು ಸಣ್ಣ ಅಕ್ಷರದಲ್ಲಿ, ಇಂಗ್ಲಿಷಿನಲ್ಲಿವೆ. ಚೀಟಿಯ ವಿವರಗಳು ಇಂಗ್ಲಿಷಿನಲ್ಲೋ ದೇವನಾಗರಿಯ ಹಿಂದಿಯಲ್ಲೋ ಇದ್ದರೆ ಸಾಕು ಎಂಬುದು ಕೇಂದ್ರದ ನಿಯಮ. ಬೇರೆ ಭಾಷೆ ಸೇರಿಸುವುದಕ್ಕೆ ಅಡ್ಡಿಯಿಲ್ಲ, ಕಡ್ಡಾಯವೂ ಇಲ್ಲ. ಕೊಬ್ಬರಿ ಸುಲಿದು ಮಗನನ್ನು ಓದಿಸುತ್ತಿರುವ ತಾಯಿಗೆ ಆ ಬಾಟಲಿ ಮಗ ಕುಡಿಯುವ ಬಣ್ಣದ ಸೋಡಾ ಅಷ್ಟೆ. ‘ಇದು ನಿನ್ನ ಮಗುವಿಗಲ್ಲ’ ಎಂಬ ಒಂದು ವಾಕ್ಯವನ್ನು ಆಕೆಗೆ ಓದಲು ಬರುವ ಭಾಷೆಯಲ್ಲಿ ಯಾರೂ ಆಕೆಗೆ ಹೇಳಿಲ್ಲ.

ಮಾನ್ಯರೇ, ತೆರಿಗೆಯ ಲೆಕ್ಕದಲ್ಲಿ ಸರ್ಕಾರಕ್ಕೆ ಈ ವಸ್ತುವಿನ ಸ್ವಭಾವ ಚೆನ್ನಾಗಿ ಗೊತ್ತಿದೆ. 2025ರ ಸೆಪ್ಟೆಂಬರ್ 22ರಿಂದ ಜಾರಿಗೆ ಬಂದ ಜಿಎಸ್‌ಟಿ ದರಗಳಲ್ಲಿ ಕೆಫೀನ್‌ಯುಕ್ತ ಪಾನೀಯಗಳನ್ನು ಎಲ್ಲಕ್ಕಿಂತ ಮೇಲಿನ ಶೇ 40ರ ಹಂತದಲ್ಲಿ ಇರಿಸಲಾಗಿದೆ. ಅಷ್ಟು ತೆರಿಗೆ ಹೊತ್ತೂ ಬಾಟಲಿ 20 ರೂಪಾಯಿಗೆ ಸಿಗುತ್ತದೆ. ತೆಂಗಿನ ಸೀಮೆಯಾದ ನಮ್ಮಲ್ಲೇ ಎಳನೀರಿಗೆ ಅದರ ದುಪ್ಪಟ್ಟಿಗಿಂತ ಹೆಚ್ಚು ಕೊಡಬೇಕಾಗಿದೆ. ಜೇಬಿನಲ್ಲಿ 20 ರೂಪಾಯಿ ಇರುವ ಹುಡುಗ ಯಾವುದನ್ನು ಕೊಳ್ಳುತ್ತಾನೆ ಎಂದು ಕೇಳುವ ಅಗತ್ಯವಿಲ್ಲ.

ಈಗ ನನ್ನ ಪಾಠದ ವಿಷಯಕ್ಕೆ ಬರುತ್ತೇನೆ. ನಾವು ಎಚ್ಚರವಾಗಿರುವಷ್ಟು ಹೊತ್ತೂ ಮಿದುಳಿನಲ್ಲಿ ಅಡೆನೋಸಿನ್ ಎಂಬ ವಸ್ತು ಸ್ವಲ್ಪ ಸ್ವಲ್ಪವಾಗಿ ಸೇರುತ್ತಾ ಹೋಗುತ್ತದೆ. ಅದು ನರಕೋಶಗಳ ಮೇಲಿರುವ ತನ್ನ ಗ್ರಾಹಕಗಳಲ್ಲಿ ಹೋಗಿ ಕೂತಾಗ ನಮಗೆ ದಣಿವು, ಕಣ್ಣೆಳೆತ ಬರುತ್ತದೆ. ಸಾಕು, ಮಲಗು ಎಂದು ದೇಹ ಹೇಳುವ ರೀತಿ ಅದು. ಕೆಫೀನಿನ ಅಣು ಆಕಾರದಲ್ಲಿ ಅಡೆನೋಸಿನ್ನಿಗೆ ಹತ್ತಿರ ಇರುವುದರಿಂದ ಅದೇ ಜಾಗದಲ್ಲಿ ತಾನು ಹೋಗಿ ಕೂತುಬಿಡುತ್ತದೆ. ದಣಿವಿನ ಸುದ್ದಿ ತಲುಪುವುದಿಲ್ಲ, ಆದರೆ ದಣಿವು ಎಲ್ಲಿಯೂ ಹೋಗಿರುವುದಿಲ್ಲ. ಕೆಫೀನ್ ಇಳಿದ ಮೇಲೆ ಅಷ್ಟೂ ಹೊತ್ತು ಕಾದಿದ್ದ ಅಡೆನೋಸಿನ್ ಒಮ್ಮೆಗೇ ಎರಗುತ್ತದೆ. ಬೆಳಗಿನ ಎರಡನೇ ಅವಧಿಯಲ್ಲಿ ಡೆಸ್ಕಿಗೆ ತಲೆ ಕೊಟ್ಟು ಮಲಗುವ ಮಕ್ಕಳನ್ನು ಸೋಮಾರಿಗಳೆಂದು ಬೈಯುತ್ತಿದ್ದ ನಾನು ಈಗ ಬೈಯುವುದನ್ನು ಬಿಟ್ಟಿದ್ದೇನೆ.

ಕುಡಿದ ಕೆಫೀನಿನ ಅರ್ಧ ಭಾಗ ರಕ್ತದಿಂದ ಹೊರಹೋಗಲು ಸಾಮಾನ್ಯವಾಗಿ ಐದು ಗಂಟೆಯಷ್ಟು ಬೇಕು. 250 ಮಿಲಿಲೀಟರಿನ ಬಾಟಲಿಯಲ್ಲಿ ಗರಿಷ್ಠ 75 ಮಿಲಿಗ್ರಾಂ ಎಂದಿಟ್ಟುಕೊಂಡರೆ, ರಾತ್ರಿ ಹತ್ತಕ್ಕೆ ಎರಡು ಬಾಟಲಿ ಕುಡಿದವನ ಮೈಯಲ್ಲಿ ಬೆಳಗಿನ ಜಾವ ಮೂರಕ್ಕೂ ಒಂದು ಬಾಟಲಿಯಷ್ಟು ಕೆಫೀನ್ ಉಳಿದಿರುತ್ತದೆ. ಅಂಥ ಹೊತ್ತಿನಲ್ಲಿ ಮಲಗಿದರೂ ಗಾಢ ನಿದ್ದೆ ಬರುವುದಿಲ್ಲ. ಹಗಲು ಓದಿದ್ದನ್ನು ಮಿದುಳು ನೆನಪಾಗಿ ಗಟ್ಟಿಮಾಡಿಕೊಳ್ಳುವುದು ನಿದ್ದೆಯಲ್ಲಿ. ಪರೀಕ್ಷೆಗೆಂದು ನಿದ್ದೆ ಕದಿಯುವ ಮಗು ತಾನು ಓದಿದ್ದನ್ನೇ ಕಳೆದುಕೊಳ್ಳುತ್ತಿರುತ್ತದೆ. ಪರೀಕ್ಷಾ ಕೊಠಡಿಯಲ್ಲಿ “ನಿನ್ನೆ ರಾತ್ರಿ ಓದಿದ್ದೆ ಮೇಡಂ, ಈಗ ತಲೆ ಖಾಲಿ” ಎಂದು ಅಳುವ ಮಕ್ಕಳನ್ನು ಕಂಡವರಿಗೆ ಇದು ಬರೀ ಪುಸ್ತಕದ ಮಾತು ಎನಿಸುವುದಿಲ್ಲ.

ಕಾಫಿಯಲ್ಲೂ ಇಷ್ಟೇ ಇರುತ್ತದಲ್ಲ ಎಂದು ಕೇಳುವವರಿದ್ದಾರೆ. ನ್ಯಾಯವಾದ ಪ್ರಶ್ನೆ, ಉತ್ತರ ಕೊಡಲೇಬೇಕು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ ಮತ್ತು ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ 2024ರಲ್ಲಿ ಹೊರತಂದ ಆಹಾರ ಮಾರ್ಗಸೂಚಿಯ ಪ್ರಕಾರ 150 ಮಿಲಿಲೀಟರ್ ಫಿಲ್ಟರ್ ಕಾಫಿಯಲ್ಲಿ 80ರಿಂದ 120 ಮಿಲಿಗ್ರಾಂ ಕೆಫೀನ್ ಇರುತ್ತದೆ. ದಿನಕ್ಕೆ ಒಟ್ಟು 300 ಮಿಲಿಗ್ರಾಂ ದಾಟಬಾರದು ಎಂದು ಅದೇ ಮಾರ್ಗಸೂಚಿ ಹೇಳುತ್ತದೆ. ಆದ್ದರಿಂದ ಒಂದು ಬಾಟಲಿಯನ್ನು ಒಬ್ಬ ವಯಸ್ಕ ಅಪರೂಪಕ್ಕೆ ಕುಡಿದರೆ ಅನಾಹುತವಾಗುತ್ತದೆ ಎಂದು ನಾನು ಹೇಳುವುದಿಲ್ಲ. ಆದರೆ ಬಿಸಿ ಕಾಫಿಯನ್ನು ಊದಿಕೊಂಡು ಗುಟುಕು ಗುಟುಕಾಗಿ ಕುಡಿಯುತ್ತೇವೆ, ಅದರ ಕಹಿಯೇ ನಮ್ಮನ್ನು ಅಳತೆಯಲ್ಲಿಡುತ್ತದೆ. ತಣ್ಣಗಿನ ಸಿಹಿ ಪಾನೀಯವನ್ನು ಬಾಯಾರಿದ ಹುಡುಗ ಕ್ರಿಕೆಟ್ ಆಡಿ ಬಂದವನೇ ಎರಡು ನಿಮಿಷದಲ್ಲಿ ಗಟಗಟನೆ ಇಳಿಸಿ ಇನ್ನೊಂದಕ್ಕೆ ಕೈಚಾಚುತ್ತಾನೆ. ಜೊತೆಗೆ, ಮಕ್ಕಳಿಗೆ ಕಾಫಿ ಬೇಡ ಎಂಬ ತಿಳಿವಳಿಕೆ ನಮ್ಮ ಮನೆಗಳಲ್ಲಿ ಮೊದಲಿನಿಂದ ಇದೆ. ಹಟ ಮಾಡಿದ ಮಗುವಿಗೆ ಅಜ್ಜಿ ಒಂದು ಲೋಟ ಹಾಲಿಗೆ ಬಣ್ಣ ಬರುವಷ್ಟೇ ಡಿಕಾಕ್ಷನ್ ಬೆರೆಸಿ ಕೊಟ್ಟು ಸಮಾಧಾನ ಮಾಡುತ್ತಿದ್ದಳು. ಆ ಅಜ್ಜಿಗಿದ್ದ ಎಚ್ಚರ ಇಂದು ಪೇಟೆಯಲ್ಲಿಲ್ಲ.

ದೇಹದ ತೂಕವನ್ನೂ ಲೆಕ್ಕಕ್ಕೆ ಹಿಡಿಯಬೇಕು. ಮಕ್ಕಳು ಮತ್ತು ಹದಿಹರೆಯದವರು ದಿನಕ್ಕೆ ಒಂದು ಕಿಲೋ ತೂಕಕ್ಕೆ 3 ಮಿಲಿಗ್ರಾಂಗಿಂತ ಹೆಚ್ಚು ಕೆಫೀನ್ ಸೇವಿಸದಿರುವುದು ಒಳಿತು ಎಂದು ಯುರೋಪಿನ ಆಹಾರ ಸುರಕ್ಷತಾ ಪ್ರಾಧಿಕಾರ 2015ರಲ್ಲಿ ಅಭಿಪ್ರಾಯ ಕೊಟ್ಟಿತು. 25 ಕಿಲೋ ತೂಗುವ ಪ್ರಾಥಮಿಕ ಶಾಲೆಯ ಮಗುವಿಗೆ ಒಂದೇ ಬಾಟಲಿಯಲ್ಲಿ ಆ ಮಿತಿ ಮುಗಿಯಿತು. ನನ್ನ ಪ್ರಯೋಗಾಲಯದ ಹುಡುಗ 48 ಕಿಲೋ ಇದ್ದಾನೆ. ಅವನ ಮಿತಿ 144 ಮಿಲಿಗ್ರಾಂ, ಅವನು ಹನ್ನೆರಡು ಗಂಟೆಯೊಳಗೆ ಕುಡಿದದ್ದು ಮೂರು ಬಾಟಲಿ. ಮಕ್ಕಳ ಮತ್ತು ಹದಿಹರೆಯದವರ ಆಹಾರದಲ್ಲಿ ಎನರ್ಜಿ ಡ್ರಿಂಕ್‌ಗೆ ಜಾಗವೇ ಇಲ್ಲ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ 2011ರಲ್ಲೇ ಹೇಳಿದೆ.

ಸಕ್ಕರೆಯ ಮಾತು ಬೇಗ ಮುಗಿಸುತ್ತೇನೆ, ಅದು ಎಲ್ಲರಿಗೂ ಗೊತ್ತಿರುವಂಥದ್ದು. ಹೆಸರುವಾಸಿಯಾದ ಒಂದು ಡಬ್ಬಿಯ 250 ಮಿಲಿಲೀಟರಿನಲ್ಲಿ ಸುಮಾರು 27 ಗ್ರಾಂ ಸಕ್ಕರೆ ಇದೆ. ವಯಸ್ಕರು ಕೂಡ ದಿನಕ್ಕೆ 25 ಗ್ರಾಂ ಆಸುಪಾಸಿನಲ್ಲಿ ನಿಲ್ಲಿಸಿದರೆ ಹೆಚ್ಚಿನ ಒಳಿತು ಎಂಬುದು ವಿಶ್ವ ಆರೋಗ್ಯ ಸಂಸ್ಥೆಯ 2015ರ ಸಲಹೆ. ಆಮ್ಲೀಯವಾದ ಈ ಪಾನೀಯ ಹಲ್ಲಿನ ಎನಾಮಲ್ ಸವೆಸುವುದು, ಖಾಲಿ ಹೊಟ್ಟೆಯಲ್ಲಿ ಉರಿ ತರುವುದು ಬೇರೆ. ಚೀಟಿಯಲ್ಲಿ ಹೆಮ್ಮೆಯಿಂದ ನಮೂದಿಸಿರುವ ಟಾರೀನ್ ನಮ್ಮ ದೇಹ ತಾನೇ ತಯಾರಿಸಿಕೊಳ್ಳುವ ವಸ್ತು. ಬಿ ಜೀವಸತ್ವಗಳು ಕೊರತೆ ಇದ್ದವರಿಗೆ ಅಗತ್ಯ ನಿಜ, ಆದರೆ ಅವು ಕಾಳು, ಹಾಲು, ಮೊಟ್ಟೆಯಲ್ಲಿ ಸಿಗುತ್ತವೆ; ಬೇಕಾದದ್ದಕ್ಕಿಂತ ಹೆಚ್ಚು ನುಂಗಿದರೆ ಹೆಚ್ಚು ಶಕ್ತಿ ಬರುವುದಿಲ್ಲ.

ಹೃದಯದ ವಿಚಾರವನ್ನು ಎಚ್ಚರದಿಂದ ಹೇಳಬೇಕಾಗಿದೆ. 2025ರ ಜೂನ್, ಜುಲೈ ತಿಂಗಳಲ್ಲಿ ನಮ್ಮ ಪಕ್ಕದ ಹಾಸನ ಜಿಲ್ಲೆಯಿಂದ ಹೃದಯಾಘಾತದ ಸುದ್ದಿಗಳು ಒಂದರ ಮೇಲೊಂದು ಬಂದವು. ಜಯದೇವ ಆಸ್ಪತ್ರೆಗಳ ಮುಂದೆ ಜನ ನಸುಕಿನಿಂದಲೇ ಸಾಲುಗಟ್ಟಿದರು. ನಮ್ಮ ವಿದ್ಯಾರ್ಥಿಗಳ ಮನೆಗಳಲ್ಲೂ ಆ ಭಯ ಇತ್ತು. ಆ ಸಾವುಗಳಿಗೆ ಈ ಬಾಟಲಿ ಕಾರಣ ಎಂದು ಹೇಳಲು ಯಾವ ಆಧಾರವೂ ಇಲ್ಲ, ಹಾಗೆ ಹೇಳಿ ಜನರನ್ನು ಹೆದರಿಸುವುದು ತಪ್ಪು. ಖಚಿತವಾಗಿ ಹೇಳಬಹುದಾದದ್ದು ಇಷ್ಟು: ಈ ಪಾನೀಯಗಳು ರಕ್ತದೊತ್ತಡವನ್ನು ಏರಿಸುತ್ತವೆ, ಎದೆಬಡಿತವನ್ನು ಕೆಣಕುತ್ತವೆ. 2019ರಲ್ಲಿ ಅಮೆರಿಕದಲ್ಲಿ ಪ್ರಕಟವಾದ ಒಂದು ಪ್ರಯೋಗದಲ್ಲಿ 34 ಆರೋಗ್ಯವಂತ ಯುವಜನರಿಗೆ ಸುಮಾರು ಒಂದು ಲೀಟರ್ ಎನರ್ಜಿ ಡ್ರಿಂಕ್ ಕುಡಿಸಿ ನೋಡಿದಾಗ, ಪ್ರತಿ ಬಡಿತದ ನಂತರ ಹೃದಯ ಮತ್ತೆ ಸಜ್ಜಾಗುವುದಕ್ಕೆ ಹಿಡಿಯುವ ಕಾಲ ಇಸಿಜಿಯಲ್ಲಿ ಉದ್ದವಾಗಿತ್ತು. ನಾಲ್ಕು ಗಂಟೆಯ ನಂತರವೂ ಆ ವ್ಯತ್ಯಾಸ ಉಳಿದಿತ್ತು. ಆರೋಗ್ಯವಂತನಿಗೆ ಅದು ಗೊತ್ತಾಗದೆ ಕಳೆದುಹೋಗಬಹುದು. ಹುಟ್ಟಿನಿಂದಲೇ ಹೃದಯದ ಲಯದಲ್ಲಿ ದೋಷವಿರುವ ಮಗುವಿಗೆ ಅದು ಅಪಾಯದ ಅಂಚು. ನಮ್ಮ ಹಳ್ಳಿಗಳಲ್ಲಿ ಯಾವ ಮಗುವಿಗೆ ಅಂಥ ದೋಷವಿದೆ ಎಂದು ಯಾರು ಪರೀಕ್ಷಿಸಿದ್ದಾರೆ? ಶಾಲೆ ಮುಗಿಯುವ ತನಕ ಒಮ್ಮೆಯೂ ಇಸಿಜಿ ಪಟ್ಟಿ ಅಂಟಿಸಿಕೊಳ್ಳದ ಮಕ್ಕಳೇ ಹೆಚ್ಚು.

ಇದೇ ಪಾನೀಯವನ್ನು ಮದ್ಯಕ್ಕೆ ಬೆರೆಸುವ ಚಟ ಪದವಿ ಓದಲು ಬೆಂಗಳೂರು ಸೇರಿದ ನಮ್ಮ ಹಳೆಯ ವಿದ್ಯಾರ್ಥಿಗಳಲ್ಲಿ ಹಬ್ಬಿರುವುದು ಅವರ ಬಾಯಿಂದಲೇ ಕೇಳಿದ್ದೇನೆ. ಕೆಫೀನ್ ಅಮಲನ್ನು ಮರೆಮಾಡುತ್ತದೆಯೇ ಹೊರತು ಇಳಿಸುವುದಿಲ್ಲ. ಕುಡಿದವನಿಗೆ ತಾನು ಸರಿಯಾಗಿದ್ದೇನೆ ಎನಿಸಿ ಬೈಕ್ ಹತ್ತುತ್ತಾನೆ. ಅಮೆರಿಕದ ಆಹಾರ ಮತ್ತು ಔಷಧ ಆಡಳಿತ 2010ರಲ್ಲಿ ಕೆಫೀನ್ ಬೆರೆಸಿದ ಮದ್ಯದ ಡಬ್ಬಿಗಳ ವಿರುದ್ಧ ಕ್ರಮಕ್ಕೆ ಮುಂದಾದದ್ದು ಈ ಕಾರಣಕ್ಕೆ.

ಮಾನ್ಯರೇ, ಇಷ್ಟೆಲ್ಲ ಕೇಡು ವಿವರಿಸಿದ ಮೇಲೂ ಒಂದು ಪ್ರಶ್ನೆ ಉಳಿಯುತ್ತದೆ. ಹದಿನೇಳರ ವಯಸ್ಸಿಗೆ ಇವರಿಗೆ ಶಕ್ತಿ ಏಕೆ ಸಾಲುತ್ತಿಲ್ಲ? ನಮ್ಮ ಮಕ್ಕಳ ದಿನಚರಿಯನ್ನೇ ನೋಡಿ. ಹಳ್ಳಿಯಿಂದ ಬೆಳಗಿನ ಬಸ್ಸು ಏಳಕ್ಕೆ, ಅದು ತಪ್ಪಿದರೆ ಮೊದಲ ಎರಡು ತರಗತಿ ಹೋದವು. ಅಷ್ಟು ಹೊತ್ತಿಗೆ ಮನೆಯಲ್ಲಿ ಒಲೆ ಹತ್ತಿರುತ್ತದೆ, ತಿಂಡಿ ಆಗಿರುವುದಿಲ್ಲ. ಒಂದು ಲೋಟ ಟೀ ಕುಡಿದು ಹೊರಟವರು ಊಟ ಮಾಡುವುದು ಮಧ್ಯಾಹ್ನ ಒಂದೂವರೆಗೆ. ಸಂಜೆ ನೀಟ್, ಸಿಇಟಿ ಕೋಚಿಂಗ್ ಮುಗಿಸಿ ಮನೆ ಸೇರುವಾಗ ಕತ್ತಲು, ಆಮೇಲೆ ಓದು, ಓದಿನ ನಡುವೆ ಮೊಬೈಲ್. ಈ ವಯಸ್ಸಿನವರಿಗೆ ಎಂಟರಿಂದ ಹತ್ತು ಗಂಟೆ ನಿದ್ದೆ ಬೇಕೆಂದು ನಿದ್ರಾತಜ್ಞರು ಹೇಳುತ್ತಾರೆ. ನಮ್ಮ ತರಗತಿಯಲ್ಲಿ ಕೈ ಎತ್ತಿಸಿ ನೋಡಿದರೆ ಆರು ಗಂಟೆ ಮಲಗುವವರೇ ಹೆಚ್ಚು ಸಿಗುವುದಿಲ್ಲ.

ಹೆಣ್ಣುಮಕ್ಕಳ ದಣಿವಿಗೆ ಇನ್ನೊಂದು ಕಾರಣವೂ ಇದೆ. ಐದನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಸುಮಾರು ಅರ್ಧದಷ್ಟು ಮಂದಿಗೆ ರಕ್ತಹೀನತೆ ಇದೆ. ಮೆಟ್ಟಿಲು ಹತ್ತಿದರೆ ಏದುಸಿರು, ಓದಲು ಕೂತರೆ ತಲೆಭಾರ, ಸದಾ ಸುಸ್ತು ಎನ್ನುವ ಹುಡುಗಿಗೆ ಬೇಕಾದದ್ದು ಕಬ್ಬಿಣಾಂಶ. ಹೈಸ್ಕೂಲಿನಲ್ಲಿ ವಾರಕ್ಕೊಮ್ಮೆ ಕೊಡುತ್ತಿದ್ದ ನೀಲಿ ಮಾತ್ರೆ ನುಂಗದೆ ಬಿಸಾಡಿದವಳು ಈಗ ಸುಸ್ತಿಗೆಂದು ಈ ಬಾಟಲಿ ಕೊಳ್ಳುತ್ತಾಳೆ. ಬಾಟಲಿ ಅವಳ ಸುಸ್ತನ್ನು ನಾಲ್ಕು ಗಂಟೆ ಮರೆಸುತ್ತದೆ, ರಕ್ತದಲ್ಲಿ ಹಿಮೋಗ್ಲೋಬಿನ್ ಇದ್ದಲ್ಲೇ ಇರುತ್ತದೆ. ನನ್ನ ತರಗತಿಯ ಒಬ್ಬಳನ್ನು ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಕರೆದೊಯ್ದು ರಕ್ತ ಪರೀಕ್ಷೆ ಮಾಡಿಸಿದಾಗ ಹಿಮೋಗ್ಲೋಬಿನ್ 7.8 ಬಂತು. ಮಾತ್ರೆಯ ಜೊತೆಗೆ ನುಗ್ಗೆಸೊಪ್ಪು, ಹುರುಳಿಕಾಳು, ಊಟಕ್ಕೊಂದು ನಿಂಬೆಹೋಳು, ಊಟದ ಹಿಂದೆಮುಂದೆ ಒಂದು ಗಂಟೆ ಟೀ ಕಾಫಿ ಬೇಡ ಎಂಬ ಸಲಹೆ ಕೊಟ್ಟು ಕಳುಹಿಸಿದರು. ನಿಂಬೆಯ ಸಿ ಜೀವಸತ್ವ ಕಬ್ಬಿಣ ಮೈಗೆ ಹತ್ತಲು ನೆರವಾಗುತ್ತದೆ, ಟೀಯ ಒಗರು ಅದನ್ನು ತಡೆಯುತ್ತದೆ. ಮೂರು ತಿಂಗಳಾದ ಮೇಲೆ ಅದೇ ಹುಡುಗಿ ಕ್ರೀಡಾಕೂಟದ ರಿಲೇ ತಂಡದಲ್ಲಿ ಓಡಿದಳು.

ನಿಜವಾದ ಶಕ್ತಿ ಕೊಡುವ ಪಾನೀಯ ಸರ್ಕಾರಕ್ಕೆ ಗೊತ್ತಿಲ್ಲದ ವಿಷಯವಲ್ಲ. 2013ರ ಆಗಸ್ಟ್‌ನಿಂದ ಕ್ಷೀರಭಾಗ್ಯದ ಹಾಲು ಶಾಲೆಗಳಿಗೆ ಬರುತ್ತಿದೆ. 2024ರ ಫೆಬ್ರುವರಿಯಿಂದ ಆ ಹಾಲಿಗೆ ರಾಗಿ ಮಾಲ್ಟ್ ಬೆರೆಸಿಯೂ ಕೊಡಲಾಗುತ್ತಿದೆ. ನೂರು ಗ್ರಾಂ ರಾಗಿಯಲ್ಲಿ 300 ಮಿಲಿಗ್ರಾಂಗಿಂತ ಹೆಚ್ಚು ಕ್ಯಾಲ್ಸಿಯಂ ಇದೆ, ಅದರ ಪಿಷ್ಟದ ಜೊತೆಗೆ ನಾರು ಇರುವುದರಿಂದ ಹಸಿವೆ ಬೇಗ ಮರಳುವುದಿಲ್ಲ. ಆದರೆ ಹತ್ತನೇ ತರಗತಿ ಮುಗಿಸಿ ನಮ್ಮ ಕಾಲೇಜಿಗೆ ಸೇರಿದ ದಿನವೇ ಮಗುವಿಗೆ ಆ ಲೋಟ ಕೈತಪ್ಪುತ್ತದೆ. ಎಲ್ಲಕ್ಕಿಂತ ಹೆಚ್ಚು ಓದಬೇಕಾದ, ಎಲ್ಲಕ್ಕಿಂತ ಕಡಿಮೆ ಮಲಗುವ ಎರಡು ವರ್ಷಗಳಲ್ಲಿ ಅದಕ್ಕೆ ಸಿಗುವುದು ಗೇಟಿನ ಎದುರಿನ ಫ್ರಿಜ್.

ನಾವು ಉಪನ್ಯಾಸಕರು ಕೈಯಿಂದ ಹಣ ಹಾಕಿ ಒಂದು ಸಣ್ಣ ಪ್ರಯತ್ನ ಮಾಡಿದೆವು. ಪಕ್ಕದ ಹಳ್ಳಿಯ ಸ್ತ್ರೀಶಕ್ತಿ ಸಂಘದವರಿಂದ ರಾಗಿ ಹುರಿಹಿಟ್ಟು ತರಿಸಿ, ಪರೀಕ್ಷೆಗೆ ಮೊದಲಿನ ಆರು ವಾರ ಬೆಳಗಿನ ವಿಶೇಷ ತರಗತಿಗೆ ಬರುವ ಮಕ್ಕಳಿಗೆ ಅದನ್ನು ಮಜ್ಜಿಗೆಯಲ್ಲಿ ಕಲಸಿ ಉಪ್ಪು, ಚೂರು ಕೊತ್ತಂಬರಿ ಹಾಕಿ ಕೊಟ್ಟೆವು. ಹುರಿದು ಅರಳಿಸಿದ ರಾಗಿಯ ಘಮ ನೀರು ಸೋಕಿದ ಕೂಡಲೇ ಏಳುತ್ತದೆ. ಸ್ಟಾಫ್ ರೂಮಿನಲ್ಲಿ ಸ್ಟೀಲ್ ಬೋಗುಣಿಗೆ ಹಿಟ್ಟು ಸುರಿಯುವ ಹೊತ್ತಿಗೆ ಮಕ್ಕಳು ಕರೆಯದೆಯೇ ಲೋಟ ಹಿಡಿದು ಬಾಗಿಲಲ್ಲಿ ನಿಲ್ಲುತ್ತಿದ್ದರು. ಮೊದಲ ದಿನ ಮೂಗು ಮುರಿದವರೂ ಇದ್ದರು, ಒಬ್ಬಳು ಬೆಲ್ಲ ಹಾಕಿ ಕೊಡಿ ಎಂದಳು, ಕೊಟ್ಟೆವು. ಲೋಟಕ್ಕೆ ಏಳು ರೂಪಾಯಿ ಬಿತ್ತು. ಹನ್ನೊಂದು ಗಂಟೆಯ ತರಗತಿಯಲ್ಲಿ ಮಲಗುವವರ ಸಂಖ್ಯೆ ಇಳಿದದ್ದನ್ನು ನನ್ನ ಸಹೋದ್ಯೋಗಿಗಳೆಲ್ಲ ಗಮನಿಸಿದರು. ಇದನ್ನು ಸಂಶೋಧನೆ ಎಂದು ಕರೆಯಲಾರೆ, ಆದರೆ ಕಣ್ಣಿಗೆ ಕಂಡದ್ದನ್ನು ಹೇಳದೆ ಇರಲಾರೆ.

ಮನೆಯಲ್ಲಿ ಮಾಡಬಹುದಾದದ್ದೂ ಬಹಳವಿದೆ, ತಂದೆ ತಾಯಿಯರಲ್ಲಿ ಅದನ್ನು ಕೈಮುಗಿದು ಹೇಳುತ್ತೇನೆ. ತಿಂಡಿ ಆಗದಿದ್ದರೆ ಒಂದು ಹಿಡಿ ಹುರಿದ ಕಡಲೆಕಾಯಿ, ಒಂದು ಬೆಲ್ಲದ ಚೂರು, ಒಂದು ಬಾಳೆಹಣ್ಣು ಮಗುವಿನ ಬ್ಯಾಗಿಗೆ ಹಾಕಿ. ರಾತ್ರಿ ನೆನೆಹಾಕಿದ ಹೆಸರುಕಾಳು ಬೆಳಿಗ್ಗೆ ಬಸಿದು ಉಪ್ಪು, ನಿಂಬೆರಸ ಹಾಕಿದರೆ ಒಲೆ ಹತ್ತಿಸದೆ ತಿಂಡಿ ಆಯಿತು. ಕುಡಿಯಲು ನೀರು ಕೊಟ್ಟು ಕಳುಹಿಸಿ. ನಮ್ಮ ಮಕ್ಕಳು, ಅದರಲ್ಲೂ ಹುಡುಗಿಯರು, ಶೌಚಾಲಯಕ್ಕೆ ಹೋಗಬೇಕಾದೀತೆಂದು ದಿನವಿಡೀ ನೀರು ಕುಡಿಯದೆ ತಲೆನೋವು ತಂದುಕೊಳ್ಳುತ್ತಾರೆ. ಪಾನಕ, ನಿಂಬೆ ಶರಬತ್ತು ಬಿಸಿಲಿಗೆ ಒಳ್ಳೆಯದೇ, ಅದರಲ್ಲೂ ಸಿಹಿ ಹಿತಮಿತವಾಗಿರಲಿ. ರಾತ್ರಿ ಮೊಬೈಲನ್ನು ಅಡುಗೆಮನೆಯಲ್ಲಿ ಚಾರ್ಜಿಗೆ ಹಾಕಿಸಿ, ಎಂಟು ಗಂಟೆಯಾದರೂ ನಿದ್ದೆ ಸಿಗುವಷ್ಟು ಬೇಗ ಮಲಗಿಸಿ. ಓದುವಾಗ ಕಣ್ಣು ಎಳೆದರೆ ಎದ್ದು ಅಂಗಳದಲ್ಲಿ ಹತ್ತು ನಿಮಿಷ ನಡೆಯಲಿ, ಆಗಲೂ ಎಳೆದರೆ ಮಲಗಲಿ. ಸುಸ್ತು ವಾರಗಟ್ಟಲೆ ಇದ್ದರೆ ರಕ್ತ ಪರೀಕ್ಷೆ ಮಾಡಿಸಿ. ಈಗಾಗಲೇ ದಿನಾ ಈ ಪಾನೀಯ ಕುಡಿಯುವ ಮಗು ಏಕಾಏಕಿ ಬಿಟ್ಟರೆ ಒಂದೆರಡು ದಿನ ತಲೆನೋವು, ಸಿಡಿಮಿಡಿ ಇರಬಹುದು. ಬೈಯಬೇಡಿ, ಸ್ವಲ್ಪ ಸ್ವಲ್ಪವಾಗಿ ಬಿಡಿಸಿ.

ಆದರೆ ಮನೆಯ ಎಚ್ಚರವೊಂದರಿಂದಲೇ ಇದು ನಿಲ್ಲದು. ಶಾಲೆಯ ಗೇಟಿನಿಂದ 50 ಮೀಟರ್ ಒಳಗೆ ಹೆಚ್ಚು ಕೊಬ್ಬು, ಸಕ್ಕರೆ, ಉಪ್ಪು ಇರುವ ಆಹಾರ ಮಾರಬಾರದು ಎಂದು ಭಾರತೀಯ ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ಶಾಲಾ ಆಹಾರ ನಿಯಮ ಹೇಳುತ್ತದೆ. ಆ ನಿಯಮ ಸಕ್ಕರೆಯನ್ನು ಅಳೆಯುತ್ತದೆ, ಕೆಫೀನನ್ನು ಅಳೆಯುವುದಿಲ್ಲ. ಸಕ್ಕರೆ ರಹಿತ ಎಂದು ಬರೆದ ಡಬ್ಬಿ ಆ ಜರಡಿಯಲ್ಲಿ ಸೋಸಿಹೋಗುತ್ತದೆ. ಲಿಥುವೇನಿಯಾ 2014ರಲ್ಲಿ, ಪೋಲೆಂಡ್ 2024ರ ಜನವರಿಯಲ್ಲಿ 18 ತುಂಬದವರಿಗೆ ಎನರ್ಜಿ ಡ್ರಿಂಕ್ ಮಾರುವುದನ್ನೇ ನಿಷೇಧಿಸಿದವು. ನಮ್ಮ ದೇಶದಲ್ಲೇ ಪಂಜಾಬ್ ಸರ್ಕಾರ 2025ರ ಏಪ್ರಿಲ್‌ನಲ್ಲಿ ಶಾಲೆಗಳಲ್ಲೂ ಶಾಲೆಗಳ ಆಸುಪಾಸಿನಲ್ಲೂ ಇದರ ಮಾರಾಟವನ್ನು ಒಂದು ವರ್ಷದ ಮಟ್ಟಿಗೆ ನಿಷೇಧಿಸಿ ಆದೇಶ ಹೊರಡಿಸಿತು.

ಮಾನ್ಯ ಆಯುಕ್ತರೇ, ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆ, 2006ರ 30ನೇ ಕಲಮು ಇಂಥದೇ ಅಧಿಕಾರವನ್ನು ತಮಗೂ ಕೊಟ್ಟಿದೆ: ಸಾರ್ವಜನಿಕ ಆರೋಗ್ಯದ ಹಿತದಲ್ಲಿ ಯಾವುದೇ ಆಹಾರ ವಸ್ತುವಿನ ಮಾರಾಟವನ್ನು ಒಂದು ವರ್ಷದವರೆಗೆ ತಾವು ನಿಷೇಧಿಸಬಹುದು. 2024ರ ಮಾರ್ಚ್‌ನಲ್ಲಿ ಗೋಬಿ ಮಂಚೂರಿ ಮತ್ತು ಬಾಂಬೆ ಮಿಠಾಯಿಗೆ ರೋಡಮಿನ್-ಬಿ ಬಣ್ಣ ಹಾಕುವುದರ ವಿರುದ್ಧ ಈ ರಾಜ್ಯ ದಿಟ್ಟವಾಗಿ ನಿಂತಾಗ ನಮ್ಮೂರಿನ ತಳ್ಳುಗಾಡಿಗಳಲ್ಲಿ ಒಂದೇ ವಾರದಲ್ಲಿ ಗೋಬಿಯ ಕೆಂಪು ಇಳಿದಿತ್ತು. ತಂಬಾಕು ಕೊಳ್ಳುವ ವಯಸ್ಸನ್ನು 21ಕ್ಕೆ ಏರಿಸಿದ್ದೂ ಇದೇ ರಾಜ್ಯ. ಓಆರ್‌ಎಸ್ ಅಲ್ಲದ ಸಿಹಿ ಪಾನೀಯಗಳು ಓಆರ್‌ಎಸ್ ಎಂಬ ಹೆಸರು ಹೊತ್ತು ಮಾರಾಟವಾಗುವುದನ್ನು 2025ರ ಅಕ್ಟೋಬರ್‌ನಲ್ಲಿ ಕೇಂದ್ರದ ಪ್ರಾಧಿಕಾರ ತಡೆಯಿತು. ಮನಸ್ಸು ಮಾಡಿದರೆ ಆಗುವ ಕೆಲಸ ಎಂಬುದಕ್ಕೆ ಬೇರೆ ಸಾಕ್ಷಿ ಬೇಕಿಲ್ಲ.

ಆದ್ದರಿಂದ ಮುಂದಿನ ವಾರ್ಷಿಕ ಪರೀಕ್ಷೆಗೆ ಮೊದಲೇ 18 ವರ್ಷ ತುಂಬದವರಿಗೆ ಕೆಫೀನ್‌ಯುಕ್ತ ಪಾನೀಯ ಮಾರುವುದನ್ನು ಇಡೀ ರಾಜ್ಯದಲ್ಲಿ ನಿಷೇಧಿಸಬೇಕೆಂದು, ಶಾಲೆಗಳ ಜೊತೆಗೆ ಪದವಿಪೂರ್ವ ಕಾಲೇಜು, ವಿದ್ಯಾರ್ಥಿನಿಲಯ, ಕೋಚಿಂಗ್ ಕೇಂದ್ರಗಳ ಸುತ್ತ 100 ಮೀಟರ್ ಒಳಗೆ ಯಾರಿಗೂ ಮಾರದಂತೆ ಆದೇಶದಲ್ಲಿ ಸ್ಪಷ್ಟವಾಗಿ ಬರೆಯಬೇಕೆಂದು ಪ್ರಾರ್ಥಿಸುತ್ತೇನೆ. ಕರ್ನಾಟಕದಲ್ಲಿ ಮಾರುವ ಪ್ರತಿ ಬಾಟಲಿಯ ಮುಂಭಾಗದಲ್ಲಿ ‘ಮಕ್ಕಳಿಗಲ್ಲ’ ಎಂಬ ಮಾತು ಕನ್ನಡದಲ್ಲಿ, ಬ್ರ್ಯಾಂಡಿನ ಹೆಸರಿನಷ್ಟೇ ಕಾಣುವಂತೆ ಇರಬೇಕೆಂದು ಕೇಂದ್ರದ ಪ್ರಾಧಿಕಾರಕ್ಕೆ ರಾಜ್ಯದಿಂದ ಪತ್ರ ಹೋಗಲಿ. ಅದಾಗುವವರೆಗೆ ಅಂಗಡಿಯ ಫ್ರಿಜ್ಜಿನ ಬಾಗಿಲಿಗಾದರೂ ಆ ಫಲಕ ಕಡ್ಡಾಯವಾಗಲಿ. ದಂಡದ ಭಾರ ಸಣ್ಣ ಅಂಗಡಿಯವರ ಮೇಲಷ್ಟೇ ಬೀಳದೆ, ಫ್ರಿಜ್ ಕೊಟ್ಟು ಮುಂದಿನ ಸಾಲು ಕೇಳುವ ವಿತರಕರ ಮೇಲೂ ಬೀಳಲಿ. ರಾಗಿ ಮಾಲ್ಟಿನ ಲೋಟ ಪಿಯುಸಿಯ ಎರಡು ವರ್ಷಕ್ಕೂ ಮುಂದುವರಿಯಲಿ. ಈ ಕೋರಿಕೆ ಶಿಕ್ಷಣ ಸಚಿವರ ಬಳಿ ಹೋಗಬೇಕಾದದ್ದು ಎಂದು ಬಲ್ಲೆ, ತಾವು ಅದನ್ನು ಅವರಿಗೆ ತಲುಪಿಸುವ ಕೃಪೆ ಮಾಡಬೇಕು.

ಆದೇಶ ಹೊರಬಿದ್ದ ದಿನ ಅದರ ಪ್ರತಿಯನ್ನು ಗೇಟಿನ ಎದುರಿನ ಅಂಗಡಿಗೆ ನಾನೇ ಒಯ್ದು ಕೊಡುತ್ತೇನೆ. ಸರ್ಕಾರ ಬೇಡ ಎಂದರೆ ನಿಲ್ಲಿಸುತ್ತೇನೆ ಎಂದು ಅವರು ಮಾತು ಕೊಟ್ಟಿದ್ದಾರೆ. ಪ್ರಾಯೋಗಿಕ ಪರೀಕ್ಷೆ ಮತ್ತೆ ಜನವರಿಯ ಹೊತ್ತಿಗೆ ಬರುತ್ತದೆ, ಈ ವರ್ಷದ ಮಕ್ಕಳು ಆಗಲೇ ಈರುಳ್ಳಿ ಬೇರು ಬರಿಸಲು ನೀರಿನ ಲೋಟಗಳ ಮೇಲೆ ಗಡ್ಡೆ ಇಡುವುದನ್ನು ಕಲಿಯುತ್ತಿದ್ದಾರೆ.

ತಮ್ಮ ವಿಶ್ವಾಸಿ,
ಒಬ್ಬ ಜೀವಶಾಸ್ತ್ರ ಉಪನ್ಯಾಸಕಿ,
ತಿಪಟೂರು ತಾಲ್ಲೂಕು, ತುಮಕೂರು ಜಿಲ್ಲೆ